ತಜ್ಞರ ಉತ್ತರ: ಅಮ್ಮನ ಕ್ಯಾನ್ಸರ್ ಔಷಧಿಗಾಗಿ ಹಿಮಾಲಯದ ಮರ ಸಾಯುತ್ತಿದೆಯಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಅಮ್ಮನಿಗೆ 63 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ವಾರಕ್ಕೊಮ್ಮೆ ಬೆಂಗಳೂರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಹಾಕುತ್ತಿದ್ದಾರೆ. ಈ ಔಷಧಿ ಹಿಮಾಲಯದ ಯೂ ಮರದ ತೊಗಟೆಯಿಂದ ಬರುತ್ತದೆ, ಒಬ್ಬ ರೋಗಿಗೆ ಐದಾರು ಮರ ಬೇಕು ಅಂತ ನೆಂಟರೊಬ್ಬರು ಹೇಳಿದರು. ಅಂದಿನಿಂದ ಅಮ್ಮ ನೊಂದುಕೊಂಡಿದ್ದಾರೆ. ತೋಟದ ನೆರಳು ಮರ ಒಂದನ್ನೂ ಸುಮ್ಮನೆ ಕಡಿಯಲು ಬಿಟ್ಟವರಲ್ಲ ಅವರು. ‘ನನ್ನೊಬ್ಬಳಿಗೆ ಅಷ್ಟು ಮರ ಯಾಕೆ’ ಅನ್ನುತ್ತಾರೆ. ಇತ್ತ ಉತ್ತರಾಖಂಡಕ್ಕೆ ಚಾರಣ ಹೋಗಿದ್ದ ನಮ್ಮ ಭಾವ ಅದೇ ಮರದ ತೊಗಟೆ ಒಂದು ಚೀಲ ತಂದಿದ್ದಾರೆ. ಅಲ್ಲಿಯ ಜನ ಅದರ ಚಹಾ ಕುಡಿಯುತ್ತಾರಂತೆ, ಅಮ್ಮನಿಗೂ ಕುದಿಸಿ ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ ಮೇಡಂ? ಔಷಧಿಯಿಂದ ಆ ಕಾಡು ಹಾಳಾಗುತ್ತಿರುವುದು ನಿಜವಾ? ಅಮ್ಮನ ಸಮಾಧಾನಕ್ಕೆ ನಮ್ಮ ತೋಟದಲ್ಲಿ ಈ ಮರ ನೆಡಬಹುದಾ?

ಉತ್ತರ: ಮೂರು ಪ್ರಶ್ನೆಗಳಲ್ಲಿ ಚಹಾದ್ದು ತುರ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ. ಕೊಡಬೇಡಿ. ಅರ್ಧ ಲೋಟವೂ ಬೇಡ.

ನಾನು ವೈದ್ಯೆ ಅಲ್ಲ. ಸಸ್ಯಶಾಸ್ತ್ರ ಓದಿ, ಹಿಮಾಲಯದ ಕಾಡುಗಳಲ್ಲಿ ಮರಗಳು ಮತ್ತೆ ಹುಟ್ಟಿ ಬೆಳೆಯುವ ಬಗ್ಗೆ ಕೆಲಸ ಮಾಡಿದವಳು. ಆದರೆ ಯೂ ಮರದೊಳಗೆ ಏನಿದೆ ಅನ್ನುವುದನ್ನು ತಿಳಿಯದೆ ಆ ಕೆಲಸ ಮಾಡಲಾಗದು. ಅದರ ಎಲೆ, ತೊಗಟೆ, ಬೀಜ ಎಲ್ಲದರಲ್ಲೂ ಟ್ಯಾಕ್ಸಿನ್ ಎಂಬ ವಿಷವಿದೆ. ಬೀಜದ ಸುತ್ತ ಇರುವ ಕೆಂಪು ತಿರುಳಿನಲ್ಲಿ ಮಾತ್ರ ಇಲ್ಲ. ಈ ಟ್ಯಾಕ್ಸಿನ್ ನೇರವಾಗಿ ಹೃದಯಕ್ಕೆ ಹೋಗಿ ಬಡಿತವನ್ನು ಏರುಪೇರು ಮಾಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಯುರೋಪಿನಲ್ಲಿ ಬೇಲಿಯಿಂದ ಕತ್ತರಿಸಿ ಎಸೆದ ಯೂ ಸೊಪ್ಪು ತಿಂದು ದನ, ಕುದುರೆ ಸತ್ತ ಪ್ರಕರಣಗಳು ಎಷ್ಟೋ ಇವೆ. ಒಣಗಿದ ಮೇಲೂ ವಿಷ ಉಳಿದಿರುತ್ತದೆ. ತೊಗಟೆಯಲ್ಲಿ ಎಷ್ಟಿದೆ ಅನ್ನುವುದು ಮರದಿಂದ ಮರಕ್ಕೆ ಬೇರೆ. ಚೀಲ ನೋಡಿ ಹೇಳಲು ಬರುವುದಿಲ್ಲ.

ಹಾಗಾದರೆ ಅದೇ ತೊಗಟೆಯಲ್ಲಿ ಔಷಧಿಯೂ ಇದೆಯಲ್ಲ ಎಂದು ಭಾವ ಕೇಳಬಹುದು. ಇದೆ, ಆದರೆ ಅದು ನೀರಿಗೆ ಇಳಿಯುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅದಕ್ಕೇ ಆಸ್ಪತ್ರೆಯಲ್ಲಿ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ, ಇಲ್ಲವೇ ಆಲ್ಬುಮಿನ್ ಪ್ರೋಟೀನಿನ ಜೊತೆ ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಬಾಯಿಂದ ಕುಡಿದರೆ ಕರುಳು ಅದನ್ನು ಹೆಚ್ಚೇನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಟ್ಟಿನಲ್ಲಿ ಆ ಕಷಾಯದಿಂದ ಕ್ಯಾನ್ಸರ್‌ಗೆ ಉಪಯೋಗವಿಲ್ಲ, ಹೃದಯಕ್ಕೆ ಅಪಾಯವಿದೆ. ಕೀಮೋ ತೆಗೆದುಕೊಳ್ಳುತ್ತಿರುವ ದೇಹದ ಮೇಲೆ ಇಂಥ ಪ್ರಯೋಗ ಖಂಡಿತ ಬೇಡ. ಅಕಸ್ಮಾತ್ ಈಗಾಗಲೇ ಒಂದೆರಡು ಸಲ ಕೊಟ್ಟಿದ್ದರೆ ಮುಚ್ಚಿಡದೆ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ.

ಬೆಟ್ಟದ ಜನ ಕುಡಿಯುತ್ತಾರೆ ಎಂದು ಭಾವ ಹೇಳಿದ್ದು ಸುಳ್ಳಲ್ಲ. ಕುಮಾವೂನ್, ಗಢ್ವಾಲ್, ಕಾಶ್ಮೀರ, ಲಡಾಖ್ ಕಡೆ ಚಹಾಪುಡಿ ಸಿಗದ ಕಾಲದಲ್ಲಿ ಈ ತೊಗಟೆಯ ಚೂರು ಹಾಕಿ ಕುದಿಸುವ ಪದ್ಧತಿ ಇತ್ತು, ಕೆಲವು ಊರುಗಳಲ್ಲಿ ಇನ್ನೂ ಇದೆ. ಬಣ್ಣ ಕೆಂಪಗೆ ಚೆನ್ನಾಗಿ ಬರುತ್ತದೆ. ಅವರಿಗೆ ಯಾವ ಭಾಗ ತೆಗೆಯಬೇಕು, ಎಷ್ಟು ಹಾಕಬೇಕು ಎಂಬ ಅಭ್ಯಾಸ ತಲೆಮಾರಿನಿಂದ ಬಂದಿದೆ. ಕುಡಿಯುವವರು ಗುಡ್ಡ ಹತ್ತಿ ಇಳಿಯುವ ಗಟ್ಟಿ ಜನ. ಅವರು ಅದನ್ನು ಚಳಿಗೆ ಕುಡಿಯುತ್ತಾರೆ. ಕ್ಯಾನ್ಸರಿಗೆ ಮದ್ದು ಎಂಬ ಮಾತು ಪೇಟೆಯಿಂದ ಬೆಟ್ಟ ಹತ್ತಿದ್ದು, 1990ರ ನಂತರ.

ಆ ತೊಗಟೆಯನ್ನು ತೋಟದಲ್ಲಿ ದನ ಓಡಾಡದ ಕಡೆ ಆಳವಾಗಿ ಹೂತುಬಿಡಿ. ಇನ್ನೊಂದು ಮಾತು, ಭಾವನವರಿಗೂ ಗೊತ್ತಿರಲಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ತೊಗಟೆ ತೆಗೆಯುವುದು 1927ರ ಅರಣ್ಯ ಕಾಯ್ದೆಯಡಿ ಅಪರಾಧ. ಅವರು ದುಡ್ಡು ಕೊಟ್ಟು ತಂದಿರಬಹುದು, ಆದರೆ ಆ ದುಡ್ಡೇ ಮುಂದಿನ ಮರದ ತೊಗಟೆ ಸುಲಿಸುತ್ತದೆ.

ಒಬ್ಬ ರೋಗಿಗೆ ಎಷ್ಟು ಮರ?

ಈಗ ಅಮ್ಮನ ಮಾತಿಗೆ ಬರುತ್ತೇನೆ. ಅವರು ಕೇಳಿದ ಲೆಕ್ಕ ಒಂದು ಕಾಲದಲ್ಲಿ ಹೆಚ್ಚುಕಡಿಮೆ ನಿಜವಾಗಿತ್ತು. ಈಗ ಅಲ್ಲ.

1962ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್ಕ್ಲೇ ಅವರು ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಮರದ ಮಾದರಿಗಳನ್ನು ತಂದರು. ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವ ಗಿಡ ಯಾವುದಾದರೂ ಇದೆಯಾ ಎಂದು ಸಾವಿರಾರು ಗಿಡಗಳನ್ನು ಪರೀಕ್ಷಿಸುತ್ತಿದ್ದ ದೊಡ್ಡ ಯೋಜನೆ ಅದು. ನಾರ್ತ್ ಕ್ಯಾರೊಲಿನಾದ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ತೊಗಟೆಯೊಳಗಿನ ವಸ್ತುವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆ ಪ್ರಕಟಿಸಿದರು. ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದವರು. ಈ ಇಬ್ಬರ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ನಿಮ್ಮ ತೋಟದ ವಿಷಯಕ್ಕೂ ಇವರು ಬರುತ್ತಾರೆ. 1979ರಲ್ಲಿ ಸೂಸನ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಈ ವಸ್ತು ಕೋಶ ಒಡೆದು ಎರಡಾಗುವುದನ್ನು ಹೇಗೆ ತಡೆಯುತ್ತದೆ ಎಂದು ತೋರಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ, 1994ರಲ್ಲಿ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆ ಹೊತ್ತಿನಲ್ಲಿ ಇದ್ದದ್ದು ತೊಗಟೆ ಮಾತ್ರ. ಸುಮಾರು 10,000 ಕಿಲೋ ಒಣ ತೊಗಟೆಯಿಂದ ಒಂದು ಕಿಲೋ ಔಷಧಿ ಬರುತ್ತಿತ್ತು, ಅದಕ್ಕೆ ಎರಡು ಮೂರು ಸಾವಿರ ಮರ ಬೇಕಾಗುತ್ತಿತ್ತು. ಅಮ್ಮನ ಲೆಕ್ಕ ಹಾಕಿ ನೋಡೋಣ. ವಾರಕ್ಕೊಮ್ಮೆಯಂತೆ ಹನ್ನೆರಡು ಡ್ರಿಪ್ ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸಿಗೆ ಒಟ್ಟು ಒಂದೂವರೆ ಗ್ರಾಂ ಆಸುಪಾಸು. ಹಳೆಯ ರೀತಿಯಲ್ಲಿ ಅದಕ್ಕೆ ಹದಿನೈದು ಕಿಲೋ ಒಣ ತೊಗಟೆ, ಅಂದರೆ ಮೂರು ನಾಲ್ಕು ಮರ. ನಿಮ್ಮ ನೆಂಟರು ಹೇಳಿದ ಸಂಖ್ಯೆ ಹುಟ್ಟಿದ್ದು ಇಲ್ಲಿಂದ. ಆಗ ಅಮೆರಿಕದಲ್ಲೂ ಇದೇ ಸಂಕಟ ಇತ್ತು. ರೋಗಿಗಳಿಗೆ ಔಷಧಿ ಬೇಕು, ಕಾಡೂ ಉಳಿಯಬೇಕು. 1992ರಲ್ಲಿ ಅವರ ಸಂಸತ್ತು ಪೆಸಿಫಿಕ್ ಯೂಗಾಗಿಯೇ ಒಂದು ಕಾನೂನು ಮಾಡಿತು.

ದಾರಿ ಸಿಕ್ಕಿದ್ದು ಎಲೆಯಲ್ಲಿ. ಫ್ರಾನ್ಸಿನ ಪಿಯೆರ್ ಪೊಟಿಯೆ ಅವರ ತಂಡ ಯುರೋಪಿನ ಯೂ ಮರದ ಎಲೆಯಲ್ಲಿ ಔಷಧಿಗೆ ಹತ್ತಿರದ ಇನ್ನೊಂದು ವಸ್ತು ತೊಗಟೆಯ ಔಷಧಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದನ್ನು ಕಂಡುಕೊಂಡಿತು. ಅದನ್ನು ಪ್ಯಾಕ್ಲಿಟ್ಯಾಕ್ಸೆಲ್ ಆಗಿ ಬದಲಾಯಿಸುವ ಒಳ್ಳೆಯ ವಿಧಾನವನ್ನು ಫ್ಲಾರಿಡಾದಲ್ಲಿ ರಾಬರ್ಟ್ ಹೋಲ್ಟನ್ ರೂಪಿಸಿದರು. ತೊಗಟೆ ಸುಲಿದರೆ ಮರ ಸಾಯುತ್ತದೆ. ಎಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನರ್ಸರಿಯಲ್ಲಿ ಬೆಳೆಸಿದ ಯೂ ಪೊದೆಗಳಿಂದ, ಯುರೋಪಿನ ಮನೆಗಳ ಬೇಲಿ ಕತ್ತರಿಸಿದ ಸೊಪ್ಪಿನಿಂದ ಕೂಡ ಔಷಧಿ ತಯಾರಾಗತೊಡಗಿತು. ಆಮೇಲೆ ಅದಕ್ಕಿಂತಲೂ ಮುಂದೆ ಹೋದರು. ಯೂ ಮರದ ಕೋಶಗಳನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಸಕ್ಕರೆ, ವಿಟಮಿನ್ ಹಾಕಿ ಬೆಳೆಸಿ, ಅವುಗಳಿಂದಲೇ ಔಷಧಿ ತೆಗೆಯುವ ವಿಧಾನ ಬಂತು. ಇದಕ್ಕಾಗಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಗೆ 2004ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಸಿಕ್ಕಿತು. ಈಗ ಜಗತ್ತಿನ ಪ್ಯಾಕ್ಲಿಟ್ಯಾಕ್ಸೆಲ್ ಬಹುಪಾಲು ಬರುವುದು ಬೆಳೆಸಿದ ಯೂ ಸೊಪ್ಪಿನಿಂದ ಮತ್ತು ಇಂಥ ತೊಟ್ಟಿಗಳಿಂದ.

ಹಾಗಾಗಿ ಅಮ್ಮನಿಗೆ ಹೀಗೆ ಹೇಳಿ: ನಿಮಗೋಸ್ಕರ ಯಾರೂ ಮರ ಕಡಿದಿಲ್ಲ, ನೆಮ್ಮದಿಯಿಂದ ಡ್ರಿಪ್ ಮುಗಿಸಿ. ಇದನ್ನು ನಾನು ಅವರ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಒಂದು ವಾರ ಡ್ರಿಪ್ ತಪ್ಪಿಸಿದರೆ ಹಿಮಾಲಯದ ಒಂದು ರೆಂಬೆಯನ್ನೂ ಉಳಿಸಿದಂತಾಗುವುದಿಲ್ಲ. ತೊಂದರೆಯಾಗುವುದು ಅವರಿಗೆ ಮಾತ್ರ.

ಹಾಗಾದರೆ ಕಾಡು ಯಾಕೆ ಸೊರಗಿದೆ?

ಔಷಧಿ ಎಲೆಗೆ ಬದಲಾದ ಸುದ್ದಿ ಅಮೆರಿಕದ ಕಾಡಿಗೆ ಒಳ್ಳೆಯದಾಯಿತು. ನಮ್ಮ ಕಡೆಗೆ ಅದೇ ಮುಳುವಾಯಿತು. 1990ರ ದಶಕದಲ್ಲಿ ಎಲೆಗೆ ಬೇಡಿಕೆ ಬಂದಾಗ ತೋಟದ ಪೊದೆಗಳು ಇನ್ನೂ ಬೆಳೆದಿರಲಿಲ್ಲ. ಹಿಮಾಚಲದಿಂದ ಅರುಣಾಚಲದವರೆಗೆ, ನೇಪಾಳದಲ್ಲಿ, ಚೀನಾದ ಯುನ್ನಾನ್‌ನಲ್ಲಿ ಕಾಡಿನ ಮರಗಳೇ ಸುಲಭಕ್ಕೆ ಸಿಕ್ಕವು. ದಲ್ಲಾಳಿಗಳು ಕಿಲೋ ಲೆಕ್ಕದಲ್ಲಿ ಸೊಪ್ಪು, ತೊಗಟೆ ಕೊಂಡರು. ಸೊಪ್ಪು ಸವರುವ ಬದಲು ರೆಂಬೆಯನ್ನೇ ಕಡಿದರು, ಎಷ್ಟೋ ಕಡೆ ಬುಡವನ್ನೇ ಉರುಳಿಸಿದರು. 1995ರಲ್ಲಿ ಹಿಮಾಲಯದ ಯೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ, ಅಂದರೆ ಅನುಮತಿ ಇದ್ದರೆ ಮಾತ್ರ ದೇಶದಾಚೆ ಮಾರಬಹುದಾದವುಗಳ ಪಟ್ಟಿಗೆ, ಸೇರಿತು. ಕಾಡಿನಿಂದ ತೆಗೆದ ಯೂ ಸೊಪ್ಪನ್ನು ರಫ್ತು ಮಾಡುವುದನ್ನು ಭಾರತ ನಿಷೇಧಿಸಿದೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಈ ಮರ ‘ಅಳಿವಿನಂಚಿನ’ ವರ್ಗದಲ್ಲಿದೆ.

ಕಾನೂನು ಬಂದು ಇಷ್ಟು ವರ್ಷವಾದರೂ ಕಾಡು ಯಾಕೆ ಚೇತರಿಸಿಕೊಂಡಿಲ್ಲ ಅಂದರೆ, ಈ ಮರದ ಬದುಕೇ ಅಷ್ಟು ನಿಧಾನ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಉತ್ತರಾಖಂಡದಲ್ಲಿ ಇದನ್ನು ಥುನೇರ್ ಅನ್ನುತ್ತಾರೆ, ಹಿಮಾಚಲದಲ್ಲಿ ರಖಾಲ್. ಸುಮಾರು 1,800ರಿಂದ 3,300 ಮೀಟರ್ ಎತ್ತರದಲ್ಲಿ, ತೇವ ಇರುವ ನೆರಳಿನ ಕಣಿವೆಗಳಲ್ಲಿ ಬೆಳೆಯುತ್ತದೆ. ಬರೀ ಥುನೇರ್ ಮರಗಳೇ ಇರುವ ಕಾಡು ಅಪರೂಪ. ಮೇಲೆ ಎತ್ತರದ ಫರ್ ಮರಗಳು, ಖರ್ಸು ಓಕ್ ಮರಗಳು, ಅವುಗಳ ಕೆಳಗೆ ಕತ್ತಲಲ್ಲಿ ಥುನೇರ್. ಕಾಂಡ ಉಬ್ಬು ತಗ್ಗಾಗಿ, ತೊಗಟೆ ಕೆಂಪು ಕಂದಾಗಿ, ತೆಳ್ಳಗೆ ಪದರ ಪದರ ಏಳುತ್ತಿರುತ್ತದೆ. ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದಲ್ಲಿ, ಕೇದಾರನಾಥ ವನ್ಯಧಾಮದ ಕಣಿವೆಗಳಲ್ಲಿ ಈಗಲೂ ಒಳ್ಳೆಯ ಹಳೆಯ ಮರಗಳಿವೆ. ಅಂಥ ಒಂದು ಮರದ ಸುತ್ತಳತೆ ತೆಗೆದುಕೊಳ್ಳುವಾಗ ನನಗೆ ಪ್ರತಿಸಲವೂ ಕೈ ಸ್ವಲ್ಪ ತಡೆಯುತ್ತದೆ. ಕಾಂಡ ವರ್ಷಕ್ಕೆ ದಪ್ಪವಾಗುವುದು ಒಂದೆರಡು ಮಿಲಿಮೀಟರ್ ಅಷ್ಟೆ. ಎರಡು ಕೈ ಚಾಚಿ ತಬ್ಬಿದರೂ ಸಿಗದ ಮರ ಅಂದರೆ ಅದರ ವಯಸ್ಸನ್ನು ಶತಮಾನಗಳಲ್ಲೇ ಎಣಿಸಬೇಕು.

ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗ ಗಾಳಿಯಲ್ಲಿ ಹೋಗಬೇಕು. ಕಣಿವೆಯಲ್ಲಿ ಮರಗಳು ವಿರಳವಾದರೆ ಹೆಣ್ಣು ಮರಕ್ಕೆ ಪರಾಗವೇ ತಲುಪುವುದಿಲ್ಲ. ನೋಡಲು ಹಸಿರಾಗಿ ನಿಂತಿರುತ್ತದೆ, ಬೀಜ ಮಾತ್ರ ಕಟ್ಟುವುದಿಲ್ಲ. ಬೀಜ ಕಟ್ಟಿದರೆ ಹಕ್ಕಿಗಳು ಕೆಂಪು ತಿರುಳಿನ ಆಸೆಗೆ ನುಂಗಿ, ಬೀಜವನ್ನು ದೂರ ಹಾಕಬೇಕು. ಬಿದ್ದ ಬೀಜವನ್ನು ಇಲಿಗಳು ತಿನ್ನುತ್ತವೆ. ಉಳಿದದ್ದು ಮೊಳೆಯಲು ಎರಡು ವರ್ಷ ಬೇಕಾಗಬಹುದು. ಮೊಳೆತ ಸಸಿಗೆ ನೆರಳು, ತರಗೆಲೆಯ ಮೆತ್ತನೆ ಮಣ್ಣು ಬೇಕು. ಮೇಲಿನ ಫರ್ ಮರ ಕಡಿದು ಬಿಸಿಲು ಬಿದ್ದರೆ ಸಸಿ ಒಣಗುತ್ತದೆ. ಕುರಿ ಮಂದೆ ಅದೇ ದಾರಿಯಲ್ಲಿ ಹೋದರೆ ಗೊರಸಿಗೆ ಸಿಕ್ಕಿ ಸಾಯುತ್ತದೆ. ಇಷ್ಟೆಲ್ಲ ದಾಟಿ ಉಳಿದ ಸಸಿ ತಾನೇ ಬೀಜ ಬಿಡಲು ಹಲವು ದಶಕ ತೆಗೆದುಕೊಳ್ಳುತ್ತದೆ.

ಈ ಲೆಕ್ಕದಲ್ಲಿ ತೊಗಟೆ ಸುಲಿಯುವುದನ್ನು ಇಟ್ಟು ನೋಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಹಿಂದೆ ಊರಿನವರು ಒಂದು ಪಕ್ಕದಿಂದ ಅಂಗೈ ಅಗಲ ತೆಗೆಯುತ್ತಿದ್ದರು, ಮರ ಗಾಯ ಮುಚ್ಚಿಕೊಳ್ಳುತ್ತಿತ್ತು. ಮಾರಾಟಕ್ಕೆ ತೆಗೆಯುವವನು ಸುತ್ತಲೂ ಸುಲಿಯುತ್ತಾನೆ. ಮರ ತಕ್ಷಣ ಸಾಯುವುದಿಲ್ಲ. ಒಂದೆರಡು ವರ್ಷ ಹಸಿರಾಗೇ ಇದ್ದು, ಬೇರು ಉಪವಾಸ ಬಿದ್ದು, ಆಮೇಲೆ ಒಣಗುತ್ತದೆ. ಅಷ್ಟರಲ್ಲಿ ಸುಲಿದವನು ಯಾರೋ, ಕೊಂಡವನು ಯಾರೋ.

ಔಷಧಿ ಕಂಪನಿಯ ಲಾರಿ ಬರುವುದು ನಿಂತರೂ ಸಣ್ಣ ಪುಟ್ಟ ಕೊಳ್ಳುವಿಕೆ ನಿಂತಿಲ್ಲ. ಚಾರಣಿಗರಿಗೆ ಚಹಾ ಎಂದು ಮಾರುವುದು ಒಂದು. ಕೆಲವು ಮಾರುಕಟ್ಟೆಗಳಲ್ಲಿ ತಾಲೀಸಪತ್ರದ ಹೆಸರಲ್ಲಿ ಯೂ ಸೊಪ್ಪು ಬರುವುದು ಇನ್ನೊಂದು. ಆಯುರ್ವೇದದ ಅಧಿಕೃತ ಗ್ರಂಥದ ಪ್ರಕಾರ ತಾಲೀಸಪತ್ರ ಅಂದರೆ ಫರ್ ಜಾತಿಯ ಮರದ ಎಲೆ, ಯೂ ಅಲ್ಲ. ಎರಡೂ ಒಣಗಿದರೆ ನೋಡಲು ಒಂದೇ ಥರ. ಗ್ರಂಥಿಗೆ ಅಂಗಡಿಯಿಂದ ಬಿಡಿ ಎಲೆ ತಂದು ಮನೆಯಲ್ಲಿ ಚೂರ್ಣ ಮಾಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಬಿಡಿ. ಇವುಗಳ ಜೊತೆಗೆ ಸೌದೆ, ಮನೆ ಕಟ್ಟುವ ಮರ, ಮೇಯಿಸುವಿಕೆ, ರಸ್ತೆ ಅಗಲ ಮಾಡುವುದು ಎಲ್ಲವೂ ಸೇರಿಕೊಳ್ಳುತ್ತವೆ.

ಬೇಲಿ ಹಾಕಿದರೆ ಸಾಕಾ?

ಯೂ ಕಾಡು ವ್ಯಾಪಾರಕ್ಕೆ ಬಲಿಯಾಗಿದ್ದು ಇದು ಎರಡನೇ ಸಲ. ಮೊದಲ ಸಲ ಬಿಲ್ಲಿಗಾಗಿ. ಗಟ್ಟಿಯಾಗಿಯೂ ಬಳುಕುವಂತೆಯೂ ಇರುವ ಈ ಮರದಿಂದ ಇಂಗ್ಲೆಂಡಿನ ಸೈನಿಕರು ಉದ್ದ ಬಿಲ್ಲು ಮಾಡುತ್ತಿದ್ದರು. ಅಲ್ಲಿಯ ಮರ ಸಾಲದೆ, 1472ರಲ್ಲಿ ಬಂದರಿಗೆ ಬರುವ ಹಡಗುಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲಿನ ಮರ ತರಲೇಬೇಕು ಎಂದು ಕಾನೂನು ಮಾಡಿದರು. ಮುಂದಿನ ನೂರು ವರ್ಷದಲ್ಲಿ ಬವೇರಿಯಾ, ಆಸ್ಟ್ರಿಯಾದ ಯೂ ಕಾಡುಗಳು ಬರಿದಾದವು. ಪೋಲೆಂಡಿನಲ್ಲಿ ಮಾತ್ರ ದೊರೆ ಯಾಗೆಲ್ಲೋ 1423ರಲ್ಲೇ ಯೂ ಕಡಿಯುವುದಕ್ಕೆ ಕಡಿವಾಣ ಹಾಕಿದ್ದ. ಆರುನೂರು ವರ್ಷದ ಹಿಂದಿನ ಮರ ರಕ್ಷಣೆಯ ಕಾನೂನು ಅದು.

ಅದೇ ಪೋಲೆಂಡಿನಿಂದ ಇನ್ನೊಂದು ಪಾಠವೂ ಇದೆ. ಅಲ್ಲಿ ವಿಯೆಶ್ಖ್ಲಾಸ್ ಎಂಬ ಊರಿನ ಯೂ ಕಾಡನ್ನು 1827ರಿಂದ ಕಾಪಾಡಿಕೊಂಡು ಬಂದಿದ್ದಾರೆ. ಯಾರೂ ಕೊಡಲಿ ಹಾಕಿಲ್ಲ. ಆದರೂ ಹಳೆಯ ಮರಗಳು ಒಂದೊಂದಾಗಿ ಹೋಗುತ್ತಿವೆ, ಅವುಗಳ ಜಾಗಕ್ಕೆ ಸಸಿ ಬರುತ್ತಿರುವುದು ತೀರಾ ಕಡಿಮೆ. ಪಕ್ಕದ ಬೇರೆ ಮರಗಳ ನೆರಳು ಅತಿಯಾಯಿತು, ನೀರಿನ ಮಟ್ಟ ಬದಲಾಯಿತು, ಜಿಂಕೆಗಳು ಚಿಗುರು ಮೇಯುತ್ತವೆ. ಯೂ ಸಸಿಗೆ ನೆರಳು ಬೇಕು, ಆದರೆ ಉಸಿರು ಕಟ್ಟುವಷ್ಟು ಬೇಡ. ಮುಟ್ಟದೆ ಬಿಡುವುದೇ ರಕ್ಷಣೆ ಅಂತ ಹೇಳುವವರಿಗೆ ನಾನು ಈ ಕಾಡಿನ ಉದಾಹರಣೆ ಕೊಡುತ್ತೇನೆ.

ನಮ್ಮಲ್ಲಿ ಪೂರ್ತಿ ನಿಷೇಧಕ್ಕೆ ಇನ್ನೊಂದು ತೊಂದರೆಯೂ ಇದೆ. ಮರದಿಂದ ಊರಿಗೆ ಏನೂ ಸಿಗದಂತಾದರೆ, ರಾತ್ರಿ ಸುಲಿದುಕೊಂಡು ಹೋಗುವವನನ್ನು ತಡೆಯಲು ಊರಿನವರಿಗೆ ಕಾರಣ ಉಳಿಯುವುದಿಲ್ಲ. ಒಬ್ಬ ಗಾರ್ಡ್ ಎಷ್ಟು ಕಣಿವೆ ಕಾಯಲು ಸಾಧ್ಯ? ಹಾಗಂತ ‘ಮಿತವಾಗಿ ಸೊಪ್ಪು ತೆಗೆಯಲು ಬಿಡಿ’ ಅನ್ನುವ ಮಾತೂ ಕಾಗದದ ಮೇಲೆ ಮಾತ್ರ ಚೆನ್ನಾಗಿದೆ. ದೊಡ್ಡ ಮರದಿಂದ, ಸ್ವಲ್ಪ ಭಾಗ ಮಾತ್ರ, ಕೆಲವು ವರ್ಷ ಬಿಟ್ಟು ಬಿಟ್ಟು ತೆಗೆದರೆ ಮರ ತಡೆದುಕೊಳ್ಳುತ್ತದೆ. ತೂಕಕ್ಕೆ ಕೂಲಿ ಕೊಡುವ ಕಡೆ ಇದನ್ನು ಪಾಲಿಸಿದ್ದನ್ನು ನಾನು ನೋಡಿಲ್ಲ. ಕಾಡಿನ ಮರದಿಂದ ಸೊಪ್ಪು ತೆಗೆಯುವುದನ್ನು ಈಗಿನ ಸ್ಥಿತಿಯಲ್ಲಿ ನಾನು ಒಪ್ಪುವುದಿಲ್ಲ.

ನನಗೆ ಭರವಸೆ ಇರುವುದು ಊರಿನ ನರ್ಸರಿಗಳ ಮೇಲೆ. ಶಿಮ್ಲಾದ ಹಿಮಾಲಯನ್ ಅರಣ್ಯ ಸಂಶೋಧನಾ ಸಂಸ್ಥೆ, ಅಲ್ಮೋರಾ ಹತ್ತಿರದ ಗೋವಿಂದ ವಲ್ಲಭ ಪಂತ್ ಹಿಮಾಲಯ ಪರಿಸರ ಸಂಸ್ಥೆಯವರು ರೆಂಬೆಯ ತುಂಡಿನಿಂದ ಬೇರು ಬರಿಸುವ ವಿಧಾನದ ಮೇಲೆ ಕೆಲಸ ಮಾಡಿದ್ದಾರೆ. ಬೇರಿನ ಹಾರ್ಮೋನ್ ಹಚ್ಚಿ ಮರಳಿನಲ್ಲಿ ಊರಿ, ತೇವ ಕಾಯ್ದುಕೊಂಡರೆ ಕೆಲವು ತಿಂಗಳಲ್ಲಿ ಬೇರು ಬರುತ್ತದೆ. ಹೊಲದ ಬದುವಿನಲ್ಲಿ ಬೆಳೆಸಿದ ಪೊದೆಯ ಸೊಪ್ಪು ಊರಿನವರದ್ದೇ, ಕಾಡಿನ ಮರ ಕಾಡಿಗೆ. ಇದರಲ್ಲೂ ಎಡವುವ ಜಾಗಗಳಿವೆ. ಪಕ್ಕದ ರೆಂಬೆಯಿಂದ ತೆಗೆದ ತುಂಡು ಎಷ್ಟೋ ವರ್ಷ ಅಡ್ಡಡ್ಡವೇ ಬೆಳೆಯುತ್ತದೆ, ಮರದಂತೆ ನೆಟ್ಟಗೆ ಏಳುವುದಿಲ್ಲ. ಸೊಪ್ಪಿಗೆ ಪರವಾಗಿಲ್ಲ, ಕಾಡು ತುಂಬಲು ಅದು ಸಾಲದು. ಒಂದೇ ಮರದಿಂದ ಸಾವಿರ ತುಂಡು ತೆಗೆದರೆ ಸಾವಿರವೂ ಗಂಡು, ಇಲ್ಲವೇ ಸಾವಿರವೂ ಹೆಣ್ಣು. ಅದಕ್ಕೆ ಕಾಡಿಗೆ ಮರಳಿ ನೆಡಲು ಬೇರೆ ಬೇರೆ ಮರಗಳ ಬೀಜದ ಸಸಿಯೇ ಬೇಕು ಎಂದು ನಾನು ಹಟ ಹಿಡಿಯುತ್ತೇನೆ, ನಿಧಾನವಾದರೂ ಸರಿ.

ಕಾಯುವ ಶಕ್ತಿ ಊರಿನಲ್ಲೇ ಇದೆ ಅನ್ನುವುದಕ್ಕೆ ಕುಮಾವೂನಿನ ದೇವರ ಕಾಡುಗಳೇ ಸಾಕ್ಷಿ. ಥುನೇರ್ ರೆಂಬೆಗಳನ್ನು ಅಲ್ಲಿ ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು, ಚಕ್ಕೆಯನ್ನು ಧೂಪಕ್ಕೆ ಹಾಕುತ್ತಿದ್ದರು, ನೇಪಾಳದಲ್ಲಿ ಹಬ್ಬಕ್ಕೆ ಮನೆ ಅಲಂಕರಿಸುತ್ತಿದ್ದರು ಎಂದು ಹತ್ತೊಂಬತ್ತನೇ ಶತಮಾನದ ಅರಣ್ಯಾಧಿಕಾರಿಗಳು ಬರೆದಿಟ್ಟಿದ್ದಾರೆ. ಪಿಥೋರಾಗಢ ಜಿಲ್ಲೆಯಲ್ಲಿ ಇನ್ನೊಂದು ಪದ್ಧತಿ ಇದೆ. ಊರಿನ ಕಾಡು ತೀರಾ ಸೊರಗಿದೆ ಅನ್ನಿಸಿದಾಗ ಜನ ಸೇರಿ ಅದನ್ನು ಕೆಲವು ವರ್ಷದ ಮಟ್ಟಿಗೆ ಕೋಟಗಾಡಿಯ ಕೋಕಿಲಾ ದೇವಿಗೆ ಒಪ್ಪಿಸಿಬಿಡುತ್ತಾರೆ. ಅವಧಿ ಮುಗಿಯುವವರೆಗೆ ಯಾರೂ ಸೊಪ್ಪು ಸೌದೆ ತರುವುದಿಲ್ಲ. ಕೊಡಗಿನ ದೇವರಕಾಡು ನಿಮಗೆ ಗೊತ್ತಿದೆಯಲ್ಲ, ಅಲ್ಲಿ ಒಪ್ಪಿಸಿದ್ದು ಶಾಶ್ವತ. ಪಿಥೋರಾಗಢದಲ್ಲಿ ಅವಧಿ ಇದೆ. ಮರ ಚೇತರಿಸಿಕೊಂಡ ಮೇಲೆ ಊರು ಮತ್ತೆ ಮಿತವಾಗಿ ಬಳಸಬಹುದು. ಉತ್ತರಾಖಂಡದಲ್ಲಿ 1931ರ ನಿಯಮದಿಂದ ಶುರುವಾದ ವನ ಪಂಚಾಯಿತಿಗಳೂ ಸಾವಿರಾರು ಇವೆ, ಸ್ವಂತ ಕಾವಲುಗಾರರನ್ನು ಇಟ್ಟುಕೊಂಡವೂ ಇವೆ. ಹೊಸ ಯೋಜನೆ ಬರೆಯುವವರು ಮೊದಲು ಇವರ ಜೊತೆ ಕೂತು ಮಾತಾಡಬೇಕು. ಥುನೇರ್ ಯಾವ ಕಣಿವೆಯಲ್ಲಿ ಹೆಣ್ಣು, ಯಾವುದರಲ್ಲಿ ಗಂಡು ಅನ್ನುವುದನ್ನು ನಾನು ಕಲಿತದ್ದು ಕುರಿ ಕಾಯುವವರಿಂದ.

ನಿಮ್ಮ ತೋಟಕ್ಕೆ

ಸಕಲೇಶಪುರದಲ್ಲಿ ಥುನೇರ್ ನೆಡುವುದು ಬೇಡ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಥುನೇರ್ ಹಿಮಾಲಯದಲ್ಲಿ ಶುರುವಾಗುವುದೇ ಆ ಎತ್ತರದ ಆಸುಪಾಸಿನಲ್ಲಿ, ಅದೂ ಹಿಮ ಬೀಳುವ ಚಳಿಯಲ್ಲಿ. ನಿಮ್ಮ ಮಳೆಗಾಲ, ನಿಮ್ಮ ಬಿಸಿಲು ಅದಕ್ಕೆ ಒಗ್ಗುವುದಿಲ್ಲ. ದನ, ಮಕ್ಕಳು ಓಡಾಡುವ ತೋಟದಲ್ಲಿ ವಿಷದ ಗಿಡ ಬೇರೆ. ಒಂದು ಸಸಿ ಹೇಗೋ ಬದುಕಿದರೂ ಹಿಮಾಲಯದ ಕಾಡಿಗೆ ಅದರಿಂದ ಏನೂ ಆಗುವುದಿಲ್ಲ.

ಆದರೆ ಅಮ್ಮನಿಗೆ ಮರ ನೆಡಬೇಕು ಅನ್ನಿಸಿದ್ದರೆ, ನೆಡಲೇಬೇಕಾದ ಒಂದು ಮರ ನಿಮ್ಮ ಘಟ್ಟದಲ್ಲೇ ಇದೆ. ದುರ್ವಾಸನೆ ಮರ. ಹೂವಿನ ವಾಸನೆ ಕೆಟ್ಟದ್ದು ಅಂತ ಆ ಹೆಸರು. ಮೇಲೆ ಹೇಳಿದ ವಾಲ್ ಮತ್ತು ವಾನಿ ಇಬ್ಬರೂ ಯೂ ಮರಕ್ಕೂ ಮೊದಲು, 1966ರಲ್ಲಿ, ಚೀನಾದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಕಂಡುಹಿಡಿದಿದ್ದರು. ಅದರಿಂದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದವು. ಆ ಕ್ಯಾಂಪ್ಟೊಥೆಸಿನ್ ನಮ್ಮ ದುರ್ವಾಸನೆ ಮರದಲ್ಲಿ ಧಾರಾಳವಾಗಿದೆ. ಗೊತ್ತಾದ ಕೂಡಲೇ ಇಲ್ಲೂ ಅದೇ ಆಯಿತು. ಪಶ್ಚಿಮ ಘಟ್ಟದ ಎಷ್ಟೋ ಕಡೆ ಬುಡಸಮೇತ ಕಿತ್ತು ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಿಮಾಲಯದ ಥುನೇರ್ ಬಗ್ಗೆ ಮಾತಾಡುವಷ್ಟು ನಾವು ಇದರ ಬಗ್ಗೆ ಮಾತಾಡುವುದಿಲ್ಲ ಅನ್ನುವುದು ನನ್ನ ಬಹಳ ದಿನದ ಬೇಸರ.

ತೋಟದ ಹಳ್ಳದ ಅಂಚಿನಲ್ಲಿ, ನೆರಳು ಮರಗಳ ಕೆಳಗೆ ಇದಕ್ಕೆ ಜಾಗ ಮಾಡಿಕೊಡಿ. ಕಾಡಿನಿಂದ ಸಸಿ ಕೀಳಬೇಡಿ. ನಿಮ್ಮ ವಲಯದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ. ಪಕ್ಕದ ತೋಟದಲ್ಲಿ ಹಣ್ಣು ಬಿಡುವ ಮರವಿದ್ದರೆ ಬೀಜ ತಂದು, ಒಣಗಲು ಬಿಡದೆ ಬೇಗ ಪಾಲಿಥಿನ್ ಚೀಲಕ್ಕೆ ಹಾಕಿ. ಒಂದೇ ಮರದ ಬೀಜ ಸಾಲದು, ಮೂರು ನಾಲ್ಕು ಮರಗಳಿಂದ ತನ್ನಿ. ಇದರ ಎಲೆ, ತೊಗಟೆಯನ್ನೂ ಕಷಾಯಕ್ಕೆ ಬಳಸುವಂತಿಲ್ಲ, ಕ್ಯಾಂಪ್ಟೊಥೆಸಿನ್ ಕಾರ್ಖಾನೆಯಲ್ಲಿ ಶುದ್ಧವಾಗದೆ ಔಷಧಿ ಅಲ್ಲ. ಯಾರಾದರೂ ಬಂದು ಈ ಮರಕ್ಕೆ ದುಡ್ಡು ಕೊಡುತ್ತೇವೆ ಅಂದರೆ ಪರವಾನಗಿ ತೋರಿಸಲು ಹೇಳಿ, ಇಲ್ಲದಿದ್ದರೆ ರೇಂಜ್ ಆಫೀಸಿಗೆ ಒಂದು ಫೋನ್ ಮಾಡಿ. ಅಮ್ಮನ ಕೀಮೋ ಮುಗಿಯುವವರೆಗೆ ಮಣ್ಣಿನ ಕೆಲಸ ನೀವೇ ಮಾಡಿ. ಆ ಸಮಯದಲ್ಲಿ ಸೋಂಕು ತಗಲುವ ಭಯ ಜಾಸ್ತಿ. ಎಲ್ಲಿ ನೆಡಬೇಕು ಅನ್ನುವುದನ್ನು ಅವರೇ ಹೇಳಲಿ.